ಬಿಷಪ್ಪನ ಗುಂಡಂಗಿ ಮತ್ತು ನಮ್ಮ ಕೇರಿ



ಇಂಥಾ ವಿಷಯ ಈ ಪತ್ರಿಕೆಗೆ ಯಾಕೆ ಅಂತ ಕೇಳುವವರು ಮೊದಲೇ ಕೇಳಿಬಿಡಲಿ. ಭೂಮಿ ಇಲ್ಲದವರ ಪ್ರಶ್ನೆ ಹಾಗೇ ಬಿದ್ದಿದೆ, ಹೆಣ ಹೂಳಲು ಜಾಗವಿಲ್ಲದ ಕೇರಿಗಳ ಪ್ರಶ್ನೆ ಬಿದ್ದಿದೆ, ಮಲದ ಗುಂಡಿಗೆ ಇಳಿದು ಸಾಯುವವರ ಲೆಕ್ಕ ಇನ್ನೂ ಮುಗಿದಿಲ್ಲ. ಇದರ ನಡುವೆ ಅಮೆರಿಕದ ಒಬ್ಬ ಬಿಳಿ ಪಾದ್ರಿ ಗಂಡಸನ್ನು ಪ್ರೀತಿಸಿದ್ದು, ಅದನ್ನು ಬಚ್ಚಿಡದೆ ಹೇಳಿದ್ದು, ಹೇಳಿಯೂ ಬಿಷಪ್ಪನಾಗಿದ್ದು, ಅದಕ್ಕೆ ಲೋಕದ ಅರ್ಧ ಚರ್ಚು ಎದೆ ಬಡಿದುಕೊಂಡಿದ್ದು, ಇವೆಲ್ಲ ಹೊಟ್ಟೆ ತುಂಬಿದವರ ರೋಗ ಅಲ್ಲವೇ ಅಂತ. ಜುಟ್ಟು ಜನಿವಾರದವರು ಕೇಳಿದ್ದರೆ ನಾವು ಉತ್ತರ ಕೊಡುವ ಗೋಜಿಗೆ ಹೋಗುತ್ತಿರಲಿಲ್ಲ. ಕೇಳುತ್ತಿರುವವರು ನಮ್ಮವರು. ಧರಣಿಯಲ್ಲಿ ಪಕ್ಕ ಕೂತವರು, ಒಂದೇ ಬೀಡಿ ಹಂಚಿಕೊಂಡವರು. ಅದಕ್ಕೇ ಬರೆಯುತ್ತಿದ್ದೇವೆ.

ಮೊದಲು ಹೊಟ್ಟೆಯ ಮಾತೇ ಆಗಲಿ. ಈ ಬಿಷಪ್ಪನ ಹೆಸರು ಜೀನ್ ರಾಬಿನ್ಸನ್. ಹುಟ್ಟಿದ್ದು 1947ರಲ್ಲಿ, ಅಮೆರಿಕದ ಕೆಂಟಕಿ ರಾಜ್ಯದಲ್ಲಿ. ಅಪ್ಪ ಅಮ್ಮ ಇನ್ನೊಬ್ಬರ ಹೊಲದಲ್ಲಿ ಪಾಲಿಗೆ ಹೊಗೆಸೊಪ್ಪು ಬೆಳೆಯುತ್ತಿದ್ದವರು. ಮನೆಗೆ ನಲ್ಲಿ ನೀರಿಲ್ಲ. ಹುಟ್ಟಿದಾಗ ಇದು ಬದುಕುವ ಕೂಸಲ್ಲ ಅಂತ ಡಾಕ್ಟರು ಕೈ ಚೆಲ್ಲಿದ್ದರಂತೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿದ ಕೈಗೆ ಹತ್ತುವ ಕರಿ ಜಿಗುಟು ಎಂಥದೆಂದು ಬಲ್ಲವರು ಈತನ ತಾಯಿಯ ಕೈಯನ್ನು ಊಹಿಸಿಕೊಳ್ಳಬಹುದು. ಹಾಗಂತ ನಾವು ಮರೆಯುವುದಿಲ್ಲ: ಅದೇ ಕೆಂಟಕಿಯಲ್ಲಿ ಆ ಕಾಲಕ್ಕೆ ಕರಿಯರ ಮಕ್ಕಳು ಬಿಳಿಯರ ಶಾಲೆಯ ಹೊಸಿಲು ತುಳಿಯುವಂತಿರಲಿಲ್ಲ. ಬಡವನಾದರೂ ಈತ ಬಿಳಿಯ, ಆ ಲಾಭ ಈತನಿಗೆ ಸಿಕ್ಕೇ ಸಿಕ್ಕಿತು. ಆದರೆ ಹೊಟ್ಟೆ ತುಂಬಿದವರ ರೋಗ ಅನ್ನುವ ಮಾತು ಇಲ್ಲಿಗೇ ಸತ್ತಿತು. ಅದನ್ನು ಹೂತು ಮುಂದೆ ಹೋಗೋಣ.

ಸೆಮಿನರಿಯಲ್ಲಿ ಓದುವಾಗಲೇ ಈತನಿಗೆ ತಾನು ಬೇರೆ ಅಂತ ಗೊತ್ತಿತ್ತು. ಇದನ್ನು ನನ್ನಿಂದ ಕಿತ್ತುಹಾಕಿ ಅಂತ ಚಿಕಿತ್ಸೆಗೆ ಅಲೆದ. 1972ರಲ್ಲಿ ಮದುವೆಯಾದ, 1973ರಲ್ಲಿ ಪಾದ್ರಿಯಾದ, ಎರಡು ಹೆಣ್ಣುಮಕ್ಕಳಾದವು. 1986ರಲ್ಲಿ ಗಂಡ ಹೆಂಡತಿ ಇಬ್ಬರೂ ಒಪ್ಪಿ ಬೇರೆಯಾದರು. ಚರ್ಚಿಗೆ ಹೋಗಿ, ದೇವರ ಮುಂದೆ ಕೊಟ್ಟ ಮಾತನ್ನು ದೇವರ ಮುಂದೆಯೇ ಬಿಡಿಸಿಕೊಂಡು, ಉಂಗುರ ವಾಪಸು ಕೊಟ್ಟುಕೊಂಡು ಬಂದರು. ನಮ್ಮ ಊರುಗಳಲ್ಲಿ ಗಂಡಿನ ಗುಟ್ಟು ಮುಚ್ಚಲು ಹೆಣ್ಣೊಂದನ್ನು ತಂದು ಕಟ್ಟಿ, ಮಕ್ಕಳಾಗಲಿಲ್ಲ ಅಂತ ಅವಳನ್ನೇ ಬಂಜೆ ಅಂತ ಹೀಯಾಳಿಸುವ ಮನೆಗಳೆಷ್ಟಿಲ್ಲ? ಮಾನ ಅನ್ನುವುದು ಎಲ್ಲಿದೆ ಎಂದು ಓದುವವರೇ ಹೇಳಲಿ.

ಆಮೇಲೆ ಒಬ್ಬ ಗಂಡಸಿನ ಜೊತೆ ಬಾಳಿದ. ಬಚ್ಚಿಡಲಿಲ್ಲ. ನ್ಯೂ ಹ್ಯಾಂಪ್‌ಶೈರ್ ಎಂಬ ಸಣ್ಣ ರಾಜ್ಯದ ಎಪಿಸ್ಕೋಪಲ್ ಸಭೆಯಲ್ಲಿ 1988ರಿಂದ ಬಿಷಪ್ಪರ ಸಹಾಯಕನಾಗಿ ದುಡಿದ. 2003ರ ಜೂನ್‌ನಲ್ಲಿ ಅಲ್ಲಿನ ಪಾದ್ರಿಗಳೂ, ಪಾದ್ರಿಗಳಲ್ಲದ ಸಾಮಾನ್ಯ ಸಭಿಕರೂ ವೋಟು ಹಾಕಿ ಈತನನ್ನೇ ಬಿಷಪ್ಪನಾಗಿ ಆರಿಸಿದರು. ಮೇಲಿನವರು ಯಾರೂ ಹೇರಿದ್ದಲ್ಲ. ಹತ್ತಿರದಿಂದ ಕಂಡ ಜನ, ತಮ್ಮ ಮನೆಯ ಸಾವಿಗೂ ಹುಟ್ಟಿಗೂ ಬಂದು ನಿಂತವನನ್ನು ಬಲ್ಲ ಜನ ಆರಿಸಿದ್ದು. ದೂರದವರಿಗೆ ಮಾತ್ರ ಈತನ ಹಾಸಿಗೆ ಕಂಡಿತು.

2003ರ ನವೆಂಬರ್ 2ರಂದು ಡರ್ಹ್ಯಾಮ್ ಊರಿನ ವಿಶ್ವವಿದ್ಯಾಲಯದ ಹಾಕಿ ಮೈದಾನದಲ್ಲಿ ದೀಕ್ಷೆ ನಡೆಯಿತು. ಸುಮಾರು ನಾಲ್ಕು ಸಾವಿರ ಜನ. ಕೊಲೆ ಬೆದರಿಕೆ ಬಂದಿದ್ದರಿಂದ ಬಿಷಪ್ಪನ ನಿಲುವಂಗಿಯ ಒಳಗೆ ಈತ ಗುಂಡು ತಡೆಯುವ ಅಂಗಿ ತೊಟ್ಟಿದ್ದ. ಯೇಸುವಿನ ಹೆಸರಿನಲ್ಲಿ ತಲೆಯ ಮೇಲೆ ಕೈ ಇಡಿಸಿಕೊಳ್ಳಲು ಬಂದವನಿಗೆ ಯೇಸುವಿನ ಹೆಸರಿನವರದೇ ಗುಂಡಿನ ಭಯ! ಆಕ್ಷೇಪಣೆ ಇದ್ದವರು ಹೇಳಿ ಅಂದಾಗ ಮೂವರು ಎದ್ದರು. ಅವರಲ್ಲೊಬ್ಬ ಪಾದ್ರಿ, ಗಂಡಸರು ಹಾಸಿಗೆಯಲ್ಲಿ ಏನೇನು ಮಾಡುತ್ತಾರೆ ಎಂದು ಪಟ್ಟಿ ಮಾಡಿಕೊಂಡು ಬಂದು ಮಕ್ಕಳು ಮರಿ ಕೂತ ಸಭೆಯಲ್ಲಿ ಓದತೊಡಗಿದ. ಸಭೆ ನಡೆಸುತ್ತಿದ್ದ ಬಿಷಪ್ಪರೇ ಆ ವಿವರ ಸಾಕು ಅನ್ನಬೇಕಾಯಿತು. ನೋಡಿ ಸ್ವಾಮಿ, ರಾಬಿನ್ಸನ್ ಪ್ರೀತಿಯ ಮಾತಾಡಿದ, ಶೀಲವಂತ ಕೊಳಕಿನ ಮಾತಾಡಿದ. ನಮ್ಮಲ್ಲೂ ಹೀಗೇ. ಬೇರೆ ಜಾತಿಯ ಹುಡುಗ ಹುಡುಗಿ ಕೈ ಹಿಡಿದರೆ ಪಂಚಾಯ್ತಿ ಕಟ್ಟೆಯ ಮೇಲೆ ಕೂತ ಮುದಿಯರ ಬಾಯಲ್ಲಿ ಬರುವ ಮಾತು ಆ ಮಕ್ಕಳ ಕನಸಿಗೂ ಬಂದಿರುವುದಿಲ್ಲ.

ಈತ ಮಾಡಿದ ಅಪರಾಧ ಯಾವುದು? ಗಂಡಸನ್ನು ಪ್ರೀತಿಸಿದ್ದಲ್ಲ. ಅಂಥ ಪಾದ್ರಿಗಳು ಎಲ್ಲಾ ಕಾಲಕ್ಕೂ ಇದ್ದರು, ಬಿಷಪ್ಪರೂ ಇದ್ದರು, ಚರ್ಚಿಗೆ ಅದು ಗೊತ್ತಿತ್ತು. ಸುಮ್ಮನಿದ್ದರೆ ಅನ್ನ, ಅಂಗಿ, ಮನೆ, ಮರ್ಯಾದೆ. ಬಾಯಿ ಬಿಟ್ಟರೆ ಬೀದಿ. ಈತ ಬಾಯಿ ಬಿಟ್ಟ. ಈ ಕರಾರು ನಮಗೆ ಹೊಸದೇ? ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಬಾಡಿಗೆ ರೂಮು ಬೇಕಾದರೆ ಜಾತಿ ನುಂಗಿಕೊಳ್ಳುವ ನಮ್ಮ ಹುಡುಗರಿದ್ದಾರೆ. ಮನೆಯಲ್ಲಿ ಏನು ಅಡುಗೆ ಅಂತ ಓನರಮ್ಮ ಕೇಳಿದರೆ ಸೊಪ್ಪಿನ ಸಾರು ಅನ್ನುತ್ತಾರೆ. ಊರಿಂದ ಅವ್ವ ಬಂದರೆ, ಅವಳ ಮಾತು ಕೇಳಿ ಜಾತಿ ಪತ್ತೆಯಾದೀತು ಅಂತ ಬಸ್‌ಸ್ಟ್ಯಾಂಡಿನಲ್ಲೇ ಮಾತಾಡಿಸಿ ಕಳಿಸಿದವರಿದ್ದಾರೆ. ಅವ್ವನನ್ನು ಮುಚ್ಚಿಡುವುದು ಎಷ್ಟು ಸುಡುತ್ತದೋ ಜೊತೆಗಾರನನ್ನು ಮುಚ್ಚಿಡುವುದೂ ಅಷ್ಟೇ ಸುಡುತ್ತದೆ. ಅದು ಖಾಸಗಿ ವಿಷಯ, ಬೀದಿಗೆ ಯಾಕೆ ತರಬೇಕು ಅನ್ನುವ ಗೆಳೆಯರು ತಮ್ಮ ಜಾತಿಯನ್ನೂ ಖಾಸಗಿಯಾಗಿ ಇಟ್ಟುಕೊಂಡು ಒಂದು ವರ್ಷ ಬಾಳಿ ನೋಡಲಿ.

ಇಂಗ್ಲೆಂಡಿನ ಚರ್ಚು ಇನ್ನೂ ಚಾಲಾಕಿ. 1991ರಲ್ಲಿ ಅಲ್ಲಿನ ಬಿಷಪ್ಪರು ಒಂದು ದಸ್ತಾವೇಜು ಹೊರಡಿಸಿದರು. ಸಲಿಂಗಪ್ರೇಮಿಗಳು ಸಾಮಾನ್ಯ ಸಭಿಕರಾಗಿದ್ದರೆ, ಮನಸ್ಸಾಕ್ಷಿ ಒಪ್ಪಿದರೆ, ಜೊತೆಯಾಗಿ ಬಾಳಬಹುದು. ಪಾದ್ರಿಗಳು ಮಾತ್ರ ಕೂಡದು. ಪಾದ್ರಿಯಾಗಲು ಬಂದವರು ಆ ದಸ್ತಾವೇಜಿನಂತೆ ನಡೆಯುತ್ತೇವೆ ಅಂತ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಒಪ್ಪಿಕೊಡಬೇಕಾಗಿತ್ತು. ಇದನ್ನು ಓದಿದಾಗ ನಮಗೆ ನಗು ಬಂತು. ಪ್ರಾಕಾರದವರೆಗೂ ಬಾ, ಗರುಡಗಂಬ ಮುಟ್ಟು, ತೇರು ಎಳಿ, ಹಲಗೆ ಬಡಿ. ಗರ್ಭಗುಡಿಗೆ ಮಾತ್ರ ಬರಬೇಡ. ಇಷ್ಟು ದೂರದ ದೇಶದಲ್ಲಿ, ಆ ತಣ್ಣನೆ ಇಂಗ್ಲಿಷಿನಲ್ಲಿ, ನಮ್ಮೂರ ಅರ್ಚಕನ ಮಾತು! 2003ರಲ್ಲೇ ಜೆಫ್ರಿ ಜಾನ್ ಎಂಬ ಪಾದ್ರಿಯನ್ನು ರೆಡಿಂಗ್ ಊರಿನ ಬಿಷಪ್ಪನೆಂದು ಹೆಸರಿಸಿದರು. ಆತ ವೇಲ್ಸ್‌ನವ. ಜೊತೆಗಾರನಿದ್ದಾನೆ, ಆದರೆ ಬ್ರಹ್ಮಚರ್ಯದಲ್ಲಿದ್ದೇವೆ ಎಂದು ಹೇಳಿಕೊಂಡವ. ಅಂದರೆ ಅವರ ನಿಯಮವನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದವ. ಅವನನ್ನೂ ಬಿಡಲಿಲ್ಲ, ಒತ್ತಡ ಹಾಕಿ ಜುಲೈನಲ್ಲಿ ಹಿಂದೆ ಸರಿಸಿದರು. ಸ್ನಾನ ಮಾಡಿ, ಮಡಿ ಉಟ್ಟು, ಮಾಂಸ ಬಿಟ್ಟು ಹೋದರೂ ಗುಡಿ ಬಾಗಿಲು ತೆರೆಯದಿದ್ದುದು ನಮ್ಮ ಅಜ್ಜಂದಿರಿಗೆ ಗೊತ್ತು. ನಿಯಮ ಪಾಲಿಸಿದವರಿಗೆ ಬಾಗಿಲು ತೆರೆಯುತ್ತದೆ ಅನ್ನುವುದೇ ಮೊದಲ ಮೋಸ.

ಆಂಗ್ಲಿಕನ್ ಸಭೆಗಳ ಒಕ್ಕೂಟ ಅಂತ ಒಂದಿದೆ. ಎಂಟು ಕೋಟಿಗೂ ಹೆಚ್ಚು ಜನ ಅಂತ ಅವರೇ ಲೆಕ್ಕ ಹೇಳುತ್ತಾರೆ. ಹೆಚ್ಚುಕಮ್ಮಿ ಹತ್ತು ವರ್ಷಕ್ಕೊಮ್ಮೆ ಲೋಕದ ಬಿಷಪ್ಪರೆಲ್ಲ ಇಂಗ್ಲೆಂಡಿನಲ್ಲಿ ಲ್ಯಾಂಬೆತ್ ಸಮ್ಮೇಳನ ಎಂದು ಸೇರುತ್ತಾರೆ. 1998ರ ಆಗಸ್ಟ್‌ನಲ್ಲಿ ಸೇರಿದಾಗ, ಸಲಿಂಗ ಸಂಬಂಧ ಬೈಬಲ್ಲಿಗೆ ವಿರುದ್ಧ ಅಂತ ನಿರ್ಣಯ ಮಾಡಿದರು. ಪರವಾಗಿ 526, ವಿರೋಧವಾಗಿ 70. ಅದೇ ನಿರ್ಣಯದಲ್ಲಿ ಇನ್ನೊಂದು ಸಾಲು ಸೇರಿಸಿದರು: ಇಂಥವರ ಅನುಭವಕ್ಕೆ ಕಿವಿಗೊಡುತ್ತೇವೆ ಅಂತ. ಕಿವಿಗೊಟ್ಟ ಬಗೆ ಹೇಳುತ್ತೇವೆ ಕೇಳಿ. ಅದೇ ದಿನ ಹೊರಗೆ ಕರಪತ್ರ ಹಿಡಿದು ನಿಂತಿದ್ದ ರಿಚರ್ಡ್ ಕರ್ಕರ್ ಎಂಬಾತನ ತಲೆಯ ಮೇಲೆ ಕೈ ಇಟ್ಟು, ನೈಜೀರಿಯಾದ ಬಿಷಪ್ ಇಮಾನ್ಯುಯೆಲ್ ಚುಕ್ವುಮಾ ಎಲ್ಲರೆದುರಿಗೆ, ಕ್ಯಾಮೆರಾಗಳ ಮುಂದೆ ದೆವ್ವ ಬಿಡಿಸಲು ನಿಂತರು. ಬೇವಿನ ಸೊಪ್ಪೊಂದು ಇರಲಿಲ್ಲ ಅಷ್ಟೇ. ಕರ್ಕರ್ ದೀಕ್ಷೆಯ ಮೊದಲ ಮೆಟ್ಟಿಲು ಹತ್ತಿ, ಮುಚ್ಚಿಡದ ಕಾರಣಕ್ಕೆ ಕೊನೆಗೂ ಪೂರ್ಣ ಪಾದ್ರಿಯಾಗದೆ ಉಳಿದ ಮನುಷ್ಯ. ಸಲಿಂಗಪ್ರೇಮಿ ಕ್ರೈಸ್ತರ ಸಂಘಟನೆಯನ್ನು ವರ್ಷಗಟ್ಟಲೆ ನಡೆಸಿದವ.

ಇಲ್ಲಿ ನಮ್ಮ ಕೆಲವು ಬುದ್ಧಿವಂತ ಗೆಳೆಯರು ಕಣ್ಣು ಮಿಟುಕಿಸುತ್ತಾರೆ. ನೋಡಿದಿರಾ, ಕರಿಯ ಬಿಷಪ್ಪರೇ ವಿರೋಧಿಸುತ್ತಾರೆ, ಇದು ಬಿಳಿಯರ ಹೇರಿಕೆ, ವಸಾಹತುಶಾಹಿ ಅಂತ. ವಸಾಹತುಶಾಹಿಯ ಕಥೆ ಬೇಕೇ? ನಿಸರ್ಗಕ್ಕೆ ವಿರುದ್ಧವಾದ ಕೂಟ ಅಂತ ಹೇಳುವ 377ನೇ ಕಲಮು ಇಂಗ್ಲಿಷರು 1860ರ ದಂಡಸಂಹಿತೆಯಲ್ಲಿ ನಮ್ಮ ನೆಲದಲ್ಲೇ ಬರೆದದ್ದು. ಅದರ ತಮ್ಮಂದಿರು ನೈಜೀರಿಯಾಕ್ಕೂ ಉಗಾಂಡಾಕ್ಕೂ ಹೋದರು. ಬಿಳಿಯ ಕೊಟ್ಟ ಚಾಟಿಯನ್ನು ಕರಿಯ ಬಿಷಪ್ಪ ಅಪ್ಪನ ಆಸ್ತಿ ಎಂದು ಹಿಡಿದುಕೊಂಡಿದ್ದಾನೆ. ಇನ್ನೂ ಒಂದು ಕಾಯಿದೆ ಇದೆ, ಅದನ್ನು ನಮ್ಮವರು ಮರೆಯಲೇಬಾರದು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ. ಹುಟ್ಟಿನಿಂದಲೇ ಕಳ್ಳರು ಅಂತ ಬುಡಕಟ್ಟುಗಳನ್ನು, ಅಲೆಮಾರಿಗಳನ್ನು ದಾಖಲೆ ಪುಸ್ತಕಕ್ಕೆ ಬರೆದುಕೊಂಡ ಕಾಯಿದೆ ಅದು. ಅದರ ಮೊದಲ ಭಾಗ ಅವರಿಗೆ. ಎರಡನೇ ಭಾಗ ಯಾರಿಗೆ ಗೊತ್ತೇ? ಹಿಜಡಾಗಳಿಗೆ. ಹೆಣ್ಣುಡುಗೆ ಉಟ್ಟು ಬೀದಿಯಲ್ಲಿ ಕುಣಿದರೆ ಜೈಲು. ಒಂದೇ ಕಾಯಿದೆ, ಒಂದೇ ಪೊಲೀಸು, ಒಂದೇ ಪುಸ್ತಕ. ನಮಗೂ ಅವರಿಗೂ ಏನು ಸಂಬಂಧ ಅಂತ ಕೇಳುವವರು ಆ ಪುಸ್ತಕವನ್ನು ತೆರೆದು ನೋಡಲಿ, ಸಂಬಂಧ ಕಟ್ಟಿಕೊಟ್ಟದ್ದು ಸರ್ಕಾರವೇ.

ಕರಿಯರ ಮಾತೇ ಬೇಕಾದರೆ ಡೆಸ್ಮಂಡ್ ಟುಟು ಇದ್ದಾರೆ. ವರ್ಣಭೇದದ ವಿರುದ್ಧ ನಿಂತಷ್ಟೇ ಗಟ್ಟಿಯಾಗಿ ಇದರ ವಿರುದ್ಧವೂ ನಿಲ್ಲುತ್ತೇನೆ, ಇಂಥವರನ್ನು ದ್ವೇಷಿಸುವ ಸ್ವರ್ಗ ನನಗೆ ಬೇಡ, ನರಕವೇ ಇರಲಿ ಎಂಬರ್ಥದ ಮಾತನ್ನು 2013ರಲ್ಲಿ ಕೇಪ್‌ಟೌನಿನಲ್ಲಿ ಆಡಿದವರು. ಅವರ ಮಗಳು ಎಂಫೋ ಟುಟು ಪಾದ್ರಿಯಾಗಿದ್ದಳು. ಹೆಣ್ಣೊಬ್ಬಳನ್ನು ಮದುವೆಯಾದಳು, 2016ರಲ್ಲಿ ದಕ್ಷಿಣ ಆಫ್ರಿಕದ ಚರ್ಚಿನಲ್ಲಿ ಪಾದ್ರಿಯ ಅಧಿಕಾರ ಬಿಡಬೇಕಾಯಿತು. 2022ರಲ್ಲಿ ಇಂಗ್ಲೆಂಡಿನಲ್ಲಿ ತನ್ನ ಧರ್ಮಪಿತನ ಶವಸಂಸ್ಕಾರ ನಡೆಸಿಕೊಡಲು ಹೋದರೆ ಅಲ್ಲಿನ ಚರ್ಚು ಒಪ್ಪಲಿಲ್ಲ. ಮನೆಯ ತೋಟದಲ್ಲಿ ಶಾಮಿಯಾನಾ ಹಾಕಿ ಪ್ರಾರ್ಥನೆ ಮಾಡಿದರು. ಅದೇ 2022ರ ಲ್ಯಾಂಬೆತ್‌ಗೆ ಸಲಿಂಗಪ್ರೇಮಿ ಬಿಷಪ್ಪರನ್ನು ಕರೆದರು, ಅವರ ಸಂಗಾತಿಗಳನ್ನು ಕರೆಯಲಿಲ್ಲ. ಒಳಗೆ ಬಾ, ನಿನ್ನ ಲೋಟ ಮಾತ್ರ ಬೇರೆ. ಹೋಟೆಲಿನ ಮಾಡಿಗೆ ಸಿಕ್ಕಿಸಿದ ಲೋಟ ನೆನಪಿಲ್ಲದವರು ನಮ್ಮಲ್ಲಿ ಯಾರಿದ್ದಾರೆ?

2008ರಲ್ಲಿ ರಾಬಿನ್ಸನ್‌ಗೆ ಕರೆಯೇ ಬರಲಿಲ್ಲ. ಈತನಿದ್ದ ಒಕ್ಕೂಟದಲ್ಲಿದ್ದೇವೆ ಅಂತಲೇ ಸಿಟ್ಟಾಗಿ ಇನ್ನೂರಕ್ಕೂ ಹೆಚ್ಚು ಬಿಷಪ್ಪರು ಬಹಿಷ್ಕಾರ ಹಾಕಿದರು. ಈತ ಹೋಗಿ ಕ್ಯಾಂಟರ್ಬರಿಯಲ್ಲಿ ಸಮ್ಮೇಳನದ ಹೊರಗೆ ಕೂತ. ಊರ ಹೊರಗೆ ಕೂತು ಊರನ್ನು ಮಾತಾಡಿಸುವುದು ಹೇಗೆಂದು ನಮ್ಮನ್ನು ಕೇಳಿದ್ದರೆ ಹೇಳಿಕೊಡುತ್ತಿದ್ದೆವು.

ಇನ್ನು ಪುಸ್ತಕದ ವಿಷಯ. ಮನೆಯಲ್ಲಿ ಅಕ್ಷರ ಕಂಡ ಮೊದಲ ತಲೆಮಾರು ನಾವು. ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ನಮಗೆ ಯಾರೂ ಕಲಿಸಲಿಲ್ಲ, ಪುಣ್ಯ. 1927ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನವೇ ನೋಡಿ, ಬಾಬಾಸಾಹೇಬರು ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. ಬೈಬಲ್ಲನ್ನು ಸುಡಿ ಅಂತ ನಾವು ಹೇಳುತ್ತಿಲ್ಲ, ಓದಿ ಅಂತ ಹೇಳುತ್ತಿದ್ದೇವೆ. ಗಂಡಸರ ಕೂಟಕ್ಕೆ ಮರಣದಂಡನೆ ಅನ್ನುವುದು ಯಾಜಕಕಾಂಡದಲ್ಲಿದೆ. ಹೆಸರೇ ಯಾಜಕಕಾಂಡ, ಪುರೋಹಿತರ ಪುಸ್ತಕ. ಅದೇ ಪುಸ್ತಕದ 11ನೇ ಅಧ್ಯಾಯದಲ್ಲಿ ಹಂದಿ ತಿನ್ನಬಾರದು ಅಂತಿದೆ. ದನಕ್ಕೆ ತೊಂದರೆಯಿಲ್ಲ, ಹಂದಿಗೆ ಮಾತ್ರ ನಿಷೇಧ; ನಮ್ಮ ಪುರೋಹಿತರಿಗೂ ಅವರ ಪುರೋಹಿತರಿಗೂ ಅಷ್ಟೇ ವ್ಯತ್ಯಾಸ. 21ನೇ ಅಧ್ಯಾಯದಲ್ಲಿ ಕುರುಡ, ಕುಂಟ ಯಾಜಕನಾಗಿ ಬಲಿಪೀಠದ ಬಳಿ ಬರಬಾರದು ಅಂತಿದೆ. 25ರಲ್ಲಿ ಪರದೇಶದವರನ್ನು ಗುಲಾಮರಾಗಿ ಕೊಳ್ಳಬಹುದು ಅಂತಿದೆ. ಇದನ್ನು ತೋರಿಸಿಯೇ ಅಮೆರಿಕದ ಜಮೀನ್ದಾರರು ಕರಿಯರನ್ನು ಹೊಡೆದು ದುಡಿಸಿದರು. ಹಂದಿ ಬಿಟ್ಟರೇ? ಗುಲಾಮಗಿರಿ ಉಳಿಸಿಕೊಂಡರೇ? ಹಂದಿಯನ್ನು ತಿಂದು, ಗುಲಾಮಗಿರಿಯ ಸಾಲಿಗೆ ನಾಚಿ ತಲೆ ತಗ್ಗಿಸಿ, ಒಂದೇ ಒಂದು ಸಾಲನ್ನು ಮಾತ್ರ ದೇವರ ನುಡಿ ಅಂತ ಹಿಡಿದು ನಿಂತರೆ ಅದು ಭಕ್ತಿಯಲ್ಲ, ದ್ವೇಷ.

ಅದೇ ಬೈಬಲ್ಲಿನಲ್ಲಿ ಇನ್ನೊಂದು ಕಥೆ ಇದೆ, ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯ. ಐಥಿಯೋಪ್ಯದ ರಾಣಿಯ ಖಜಾನೆ ನೋಡಿಕೊಳ್ಳುವ ಕಂಚುಕಿಯೊಬ್ಬ ರಥದಲ್ಲಿ ಹೋಗುತ್ತಿದ್ದಾನೆ. ಕರಿಯ, ಪರದೇಶಿ, ಬೀಜ ಒಡೆಸಿಕೊಂಡವ. ಅಂಥವನು ದೇವರ ಸಭೆಗೆ ಬರಕೂಡದು ಅಂತ ಧರ್ಮೋಪದೇಶಕಾಂಡದ 23ರಲ್ಲಿ ಬರೆದಿದೆ. ದಾರಿಯಲ್ಲಿ ನೀರು ಕಂಡಾಗ ಆತ ಫಿಲಿಪ್ಪನನ್ನು ಕೇಳುತ್ತಾನೆ, ನನಗೆ ದೀಕ್ಷಾಸ್ನಾನ ಮಾಡಿಸಲು ಏನು ಅಡ್ಡಿ ಅಂತ. ಅಡ್ಡಿ ಇತ್ತು, ಪುಸ್ತಕದಲ್ಲೇ ಇತ್ತು. ಫಿಲಿಪ್ಪ ಪುಸ್ತಕ ತಿರುವಲಿಲ್ಲ. ಇಬ್ಬರೂ ನೀರಿಗಿಳಿದರು. ಕೆರೆಯ ನೀರು ಮುಟ್ಟಲು ಮಹಾಡಕ್ಕೆ ನಡೆದು ಹೋದ ಜನ ನಾವು. ಆ ನೀರು ಏನೆಂದು ನಮಗೆ ಯಾವ ಬಿಷಪ್ಪನೂ ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಪ್ರಶ್ನೆಯನ್ನು ಮಾತ್ರ ನಾವು ತಳ್ಳಿಹಾಕುವುದಿಲ್ಲ. ಅಷ್ಟು ಅವಮಾನ ಮಾಡಿದ ಚರ್ಚನ್ನು ಬಿಟ್ಟು ಹೋಗಬಾರದೇ? ಬಾಬಾಸಾಹೇಬರು ನಾಸಿಕದ ಕಾಳಾರಾಮ ಗುಡಿಯ ಮುಂದೆ 1930ರಿಂದ ಸತ್ಯಾಗ್ರಹ ಮಾಡಿಸಿ, ಬಾಗಿಲು ತೆರೆಯದಾಗ 1935ರಲ್ಲಿ ಯೇವಲೆಯಲ್ಲಿ ಹಿಂದೂವಾಗಿ ಸಾಯಲಾರೆ ಎಂದು ಸಾರಿ, 1956ರಲ್ಲಿ ನಡೆದೇಬಿಟ್ಟರಲ್ಲ? ಸರಿಯಾದ ಪ್ರಶ್ನೆ. ಚರ್ಚಿನಲ್ಲೂ ಹಾಗೆ ನಡೆದವರಿದ್ದಾರೆ. ಟ್ರಾಯ್ ಪೆರಿ ಎಂಬ ಪಾದ್ರಿಯನ್ನು ಅವನ ಪೆಂಟಕಾಸ್ಟಲ್ ಸಭೆ ಹೊರಗೆ ಹಾಕಿತು. 1968ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ತನ್ನ ಮನೆಯ ಹಜಾರದಲ್ಲಿ ಹನ್ನೆರಡು ಜನರನ್ನು ಕೂಡಿಸಿಕೊಂಡು ಹೊಸ ಸಭೆ ಶುರು ಮಾಡಿದ. ಹೊರಗೆ ಹೋದವರನ್ನೂ ಸುಮ್ಮನೆ ಬಿಡಲಿಲ್ಲ. 1973ರ ಜೂನ್ 24ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಆ ಸಭೆಯ ಜನ ಸೇರುತ್ತಿದ್ದ ಬಾರಿಗೆ ಬೆಂಕಿ ಬಿತ್ತು. 32 ಜನ ಸತ್ತರು. ಅವರ ಪಾದ್ರಿ ಬಿಲ್ ಲಾರ್ಸನ್ ಕಿಟಕಿಯ ಸರಳಿಗೆ ಸಿಕ್ಕಿ ಅಲ್ಲೇ ಬೆಂದುಹೋದ. ಯಾರಿಗೂ ಶಿಕ್ಷೆಯಾಗಲಿಲ್ಲ. ಶವಪ್ರಾರ್ಥನೆಗೆ ಊರ ಚರ್ಚುಗಳು ಬಾಗಿಲು ಹಾಕಿಕೊಂಡವು. ಒಬ್ಬ ಎಪಿಸ್ಕೋಪಲ್ ಪಾದ್ರಿ ಪ್ರಾರ್ಥನೆ ಮಾಡಿಸಿದ್ದಕ್ಕೆ ಅವನ ಬಿಷಪ್ಪನಿಂದ ಬೈಗುಳ ತಿಂದ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ನಮ್ಮ ಏಳು ಜನರನ್ನು ಸುಟ್ಟರು, ಆರೋಪಿಗಳು ಖುಲಾಸೆಯಾದರು. ಬೆಂದ ಹೆಣ ಯಾವುದು ಕರಿಯದು, ಯಾವುದು ಬಿಳಿಯದು ಅಂತ ವಿಂಗಡಿಸಿ ಅಳುವುದು ನಮಗೆ ಬರುವುದಿಲ್ಲ.

ಹಾಗಾಗಿ ಹೊರಗೆ ಹೋಗುವುದೂ ಹೋರಾಟ, ಒಳಗೆ ನಿಲ್ಲುವುದೂ ಹೋರಾಟ. ಯಾವುದನ್ನು ಆರಿಸಬೇಕು ಎಂಬುದು ಏಟು ತಿಂದವರಿಗೆ ಬಿಟ್ಟದ್ದು, ಜಗಲಿಯ ಮೇಲೆ ಕೂತವರಿಗಲ್ಲ. ಒಳಗೆ ನಿಂತದ್ದರಿಂದ ಒಂದು ಕೆಲಸವಾದದ್ದನ್ನು ಹೇಳುತ್ತೇವೆ. 1998ರ ಅಕ್ಟೋಬರ್‌ನಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ 21 ವರ್ಷದ ಹುಡುಗನನ್ನು ಬೇಲಿಗೆ ಕಟ್ಟಿ ಹೊಡೆದರು, ಆಸ್ಪತ್ರೆಯಲ್ಲಿ ಸತ್ತ. ಶವಸಂಸ್ಕಾರದ ದಿನವೂ ಬೈಬಲ್ ಹಿಡಿದವರು ಬಂದು ನರಕಕ್ಕೆ ಹೋದ ಅಂತ ಬೋರ್ಡು ಹಿಡಿದು ನಿಂತಿದ್ದರು. ಗೋರಿಯನ್ನು ಕೆಡವುತ್ತಾರೆ ಎಂಬ ಭಯಕ್ಕೆ ತಂದೆ ತಾಯಿ ಮಗನ ಬೂದಿಯನ್ನು ಇಪ್ಪತ್ತು ವರ್ಷ ಇಟ್ಟುಕೊಂಡಿದ್ದರು. 2018ರ ಅಕ್ಟೋಬರ್ 26ರಂದು ವಾಷಿಂಗ್ಟನ್ನಿನ ದೊಡ್ಡ ಚರ್ಚಿನಲ್ಲಿ ಅದಕ್ಕೊಂದು ಜಾಗ ಸಿಕ್ಕಿತು. ಅಂದು ಮಾತಾಡಿದ್ದು ರಾಬಿನ್ಸನ್. ಆ ಹೊತ್ತಿಗೆ ನಿವೃತ್ತನಾಗಿ ಐದು ವರ್ಷವಾಗಿತ್ತು. ಸತ್ತ ಮಗನಿಗೆ ಆರಡಿ ಮೂರಡಿ ಜಾಗ ಸಿಗುವುದು ಎಂದರೆ ಏನೆಂದು, ಹೆಣ ಹೊತ್ತು ತಹಸೀಲ್ದಾರ್ ಕಚೇರಿ ಮುಂದೆ ಕೂತ ಕೇರಿಯವರನ್ನು ಕೇಳಿ.

ನಮ್ಮ ಪಾದ್ರಿಗಳೇ, ಇನ್ನು ನಿಮ್ಮ ಸರದಿ. ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಅದೇ ಆಂಗ್ಲಿಕನ್ ಒಕ್ಕೂಟದ್ದು. ಕರ್ನಾಟಕದಲ್ಲೇ ಅದರ ಮೂರು ಡಯೋಸಿಸ್‌ಗಳಿವೆ. ಬೆಂಚಿನ ಮೇಲೆ ಕೂತವರಲ್ಲಿ ಬಹುಪಾಲು ನಮ್ಮ ಕೇರಿಯವರು. ಊರಿನ ದೇವರು ಹೊರಗಿಟ್ಟಿದ್ದಕ್ಕೆ ಯೇಸುವಿನ ಬಳಿ ಬಂದವರು. ಬಂದ ಮೇಲೂ ಬೇರೆ ಸಾಲು, ಬೇರೆ ಸ್ಮಶಾನ ಕಂಡವರು. 1950ರ ರಾಷ್ಟ್ರಪತಿ ಆದೇಶ ನಿಮಗೆ ಪರಿಶಿಷ್ಟ ಜಾತಿಯ ಹಕ್ಕು ಕೊಡಲಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಕೊಟ್ಟರು, ನಿಮಗೆ ಇವತ್ತಿಗೂ ಇಲ್ಲ. ಅದಕ್ಕಾಗಿ ನೀವು ಬೀದಿಗೆ ಬಂದಾಗ ನಾವು ಜೊತೆಗೆ ಬರುತ್ತೇವೆ, ಬಂದೇ ಬರುತ್ತೇವೆ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ನಿಂತು ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರ ಬೇಕು ಅಂದರು. ಅಲ್ಲಿಂದ ದಲಿತ ದೇವಶಾಸ್ತ್ರ ಬೆಳೆಯಿತು, ಹೊರಗಿಟ್ಟವರ ಪಕ್ಕ ದೇವರಿದ್ದಾನೆ ಅಂತ ನೀವೇ ಬರೆದಿರಿ. ಆದರೆ 377 ಉಳಿಯಲಿ ಎಂದು ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಕ್ರೈಸ್ತ ಸಂಸ್ಥೆಗಳೂ ಇದ್ದವಲ್ಲ? ಒಬ್ಬ ಜ್ಯೋತಿಷಿ, ಒಂದು ಮುಸ್ಲಿಂ ಕಾನೂನು ಮಂಡಳಿ, ಕೆಲವು ಕ್ರೈಸ್ತ ಸಂಘಗಳು, ಎಲ್ಲರೂ ಒಂದೇ ಚಾಪೆಯ ಮೇಲೆ! ಬೇರೆ ಯಾವುದಕ್ಕಾದರೂ ಇವರು ಹೀಗೆ ಒಟ್ಟಿಗೆ ಕೂತದ್ದುಂಟೇ? ಡೆಲ್ಲಿ ಹೈಕೋರ್ಟು 2009ರಲ್ಲಿ ಕೊಟ್ಟ ಬಿಡುಗಡೆಯನ್ನು 2013ರಲ್ಲಿ ಹಾಗೆ ಕಿತ್ತುಕೊಂಡರು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರು ಅದನ್ನು ಮತ್ತೆ ಕೊಟ್ಟಾಗ ಆಧಾರವಾಗಿ ಹಿಡಿದದ್ದು ಬಾಬಾಸಾಹೇಬರ ಸಂವಿಧಾನಾತ್ಮಕ ನೈತಿಕತೆಯ ಮಾತನ್ನು. ನೀವು ಯಾರ ಎದುರು ನಿಂತಿದ್ದಿರಿ ಎಂದು ಈಗಲಾದರೂ ಗೊತ್ತಾಯಿತೇ?

ನಮ್ಮ ಗೆಳೆಯರಿಗೂ ಒಂದು ಮಾತು. 1934ರಲ್ಲಿ ರ.ಧೋ. ಕರ್ವೆ ಎಂಬಾತ ತನ್ನ ಪತ್ರಿಕೆಯಲ್ಲಿ ಓದುಗರ ಲೈಂಗಿಕ ಪ್ರಶ್ನೆಗಳಿಗೆ, ಸಲಿಂಗ ಸಂಬಂಧದ ಪ್ರಶ್ನೆಯೂ ಸೇರಿ, ನೇರ ಉತ್ತರ ಬರೆದದ್ದಕ್ಕೆ ಅಶ್ಲೀಲ ಅಂತ ಕೇಸು ಬಿತ್ತು. ಮುಂಬೈ ಹೈಕೋರ್ಟಿನಲ್ಲಿ ಅವನ ಪರ ಕರಿಕೋಟು ಹಾಕಿ ನಿಂತ ವಕೀಲರು ಬಾಬಾಸಾಹೇಬರು. ಕೇಸು ಸೋತರು. ನಮಗ್ಯಾಕೆ ಇದು ಅಂತ ಅವರು ಕೇಳಲಿಲ್ಲ. ಅವರ ಫೋಟೋಕ್ಕೆ ಹಾರ ಹಾಕುವ ನಮ್ಮ ಹಾಸ್ಟೆಲ್ಲುಗಳಲ್ಲಿ ನಡಿಗೆ ಬೇರೆ ಇದ್ದ ಹುಡುಗನಿಗೆ ಚಕ್ಕ ಅಂತ ಹೆಸರಿಟ್ಟು, ಪಂಚೆ ಎಳೆದು, ರಾತ್ರಿ ಬಾಗಿಲು ಬಡಿದು, ಪರೀಕ್ಷೆಗೆ ಮೊದಲೇ ಊರಿನ ಬಸ್ಸು ಹತ್ತಿಸಿದವರಿದ್ದಾರೆ. ಅವನೂ ಮನೆಯಲ್ಲಿ ಅಕ್ಷರ ಕಂಡ ಮೊದಲಿಗನೇ. ಅವನ ಓದು ನಿಲ್ಲಿಸಿದ್ದು ಯಾವ ಬ್ರಾಹ್ಮಣನೂ ಅಲ್ಲ.

ಮುಂದಿನ ಜಿಲ್ಲಾ ಸಮಾವೇಶದಲ್ಲಿ ನಾವೊಂದು ನಿರ್ಣಯ ಮಂಡಿಸುತ್ತೇವೆ. ಹಾಸ್ಟೆಲ್ಲಿನಲ್ಲಿ, ಸಂಘಟನೆಯಲ್ಲಿ, ಪದಾಧಿಕಾರಿಗಳ ಆಯ್ಕೆಯಲ್ಲಿ ಹೆಣ್ಣಿಗ, ಚಕ್ಕ ಎಂಬ ಕಾರಣಕ್ಕೆ ಯಾರನ್ನೂ ಹೊರಗಿಡಕೂಡದು, ಹೊರಗಿಟ್ಟವರನ್ನು ಸಂಘಟನೆಯಿಂದ ತೆಗೆಯಬೇಕು ಎಂದು. ವಿರೋಧ ಇದ್ದವರು ಮೈಕಿನ ಮುಂದೆ ಬಂದು, ಹೆಸರು ಹೇಳಿ, ಕಾರಣ ಹೇಳಿ ವಿರೋಧಿಸಲಿ. ಡರ್ಹ್ಯಾಮಿನ ಹಾಕಿ ಮೈದಾನದಲ್ಲಿ ಮೂವರು ಅಷ್ಟಾದರೂ ಮಾಡಿದ್ದರು.